ಮಡಕೆಯ ಹುಳಿ

ಬಿಯರ್ ತಯಾರಕರಿಗೆ ಹುಳಿ ಎಂಬುದು ಬಹುಕಾಲ ಕೆಡುಕಿನ ಇನ್ನೊಂದು ಹೆಸರಾಗಿತ್ತು. ನಮ್ಮ ಕಡೆಯ ಅಡುಗೆಮನೆಯಲ್ಲಿ ಹುಳಿ ಬರದಿರುವುದೇ ಕೆಡುಕು. ಚಳಿಗಾಲದ ಬೆಳಗ್ಗೆ ಉಬ್ಬದ ಇಡ್ಲಿಹಿಟ್ಟಿನ ಮುಂದೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ನಾನು ಹಲವು ವರ್ಷಗಳಿಂದ ವಾಸವಾಗಿರುವ ಖಡಕಿ ಈ ಎರಡು ತಿಳಿವಳಿಕೆಗಳನ್ನೂ ಕಂಡ ಊರು.

1817ರ ನವೆಂಬರ್ 5ರಂದು ಇಲ್ಲಿ ಪೇಶ್ವೆಯ ಸೈನ್ಯ ಇಂಗ್ಲಿಷರಿಗೆ ಸೋತಿತು. ಮುಂದೆ ಊರು ದಂಡುಪ್ರದೇಶವಾಯಿತು. ದಂಡು ಇದ್ದಲ್ಲಿ ಬಿಯರೂ ಬೇಕಲ್ಲ. ಬರ್ಟನ್-ಆನ್-ಟ್ರೆಂಟ್‌ನ ಬಿಯರ್ ಮನೆತನದಿಂದ ಬಂದ ಎಚ್. ಜಿ. ಮೀಕಿನ್ ಶಿಮ್ಲಾ, ಕಸೌಲಿಗಳ ಹಳೆಯ ಬ್ರೂವರಿಗಳನ್ನು ಕೊಂಡು, ರಾಣಿಖೇತ್, ಡಾಲ್‌ಹೌಸಿ, ಚಕ್ರಾತಾ, ಡಾರ್ಜಿಲಿಂಗ್‌ಗಳಲ್ಲಿ ಹೊಸವನ್ನು ಕಟ್ಟಿದ. ಎಲ್ಲವೂ ತಣ್ಣನೆಯ ಬೆಟ್ಟದೂರುಗಳು. ಆ ಪಟ್ಟಿಯ ಕೊನೆಯಲ್ಲಿ, ಬಿಸಿಲಿನಿಂದ ಬಂದ ಬಡ ನೆಂಟನಂತೆ, ಖಡಕಿಯೂ ಇದೆ.

ಬಿಸಿಲೂರಿನಲ್ಲಿ ಬಿಯರಿಗೆ ಶತ್ರುಗಳು ಹೆಚ್ಚು. ಹುಳಿ ತರುವ ಬ್ಯಾಕ್ಟೀರಿಯಾಗಳಿಗೆ 40 ಡಿಗ್ರಿಯ ಆಸುಪಾಸಿನ ಶಾಖವೆಂದರೆ ಹಬ್ಬ. ಹಾಪ್ ಹೂವಿನ ಕಹಿ ಅವುಗಳಲ್ಲಿ ಬಹುಪಾಲನ್ನು ತಡೆಯುತ್ತದೆ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಒಂದೇ ಒಂದು ಯೀಸ್ಟ್ ಕೋಶದಿಂದ ಶುದ್ಧ ಸಂತಾನವನ್ನು ಬೆಳೆಸಿದ ಮೇಲೆ ಕಾಡುಜೀವಿಗಳನ್ನು ಪೂರ್ತಿ ಹೊರಗಟ್ಟುವ ದಾರಿ ತೆರೆಯಿತು. ನನಗೆ ಇಷ್ಟವಾದದ್ದು ಮುಂದಿನ ಕಥೆ. ಕಾರ್ಲ್ಸ್‌ಬರ್ಗ್‌ನವನೇ ಆದ ಕ್ಲಾಸನ್ 1904ರಲ್ಲಿ, ಹಳೆಯ ಇಂಗ್ಲಿಷ್ ಬಿಯರಿನ ವಿಶಿಷ್ಟ ರುಚಿಗೆ ಪೀಪಾಯಿಯಲ್ಲಿ ನಿಧಾನವಾಗಿ ಬೆಳೆಯುವ ಬೇರೊಂದು ಯೀಸ್ಟ್ ಕಾರಣವೆಂದು ತೋರಿಸಿ, ಅದಕ್ಕೆ ಬ್ರೆಟನೊಮೈಸಿಸ್ ಎಂದು ಹೆಸರಿಟ್ಟ. ಬ್ರಿಟನ್ನಿನ ಶಿಲೀಂಧ್ರ ಎಂದು ಅದರ ಅರ್ಥ. ಶುದ್ಧಿಯ ಮನೆಯಲ್ಲೇ ಕಾಡಿಗೆ ನಾಮಕರಣವಾಯಿತು!

ಬೆಲ್ಜಿಯಂನ ಬ್ರಸೆಲ್ಸ್ ಸುತ್ತಣ ಲ್ಯಾಂಬಿಕ್ ಬಿಯರಿನವರು ಮಾತ್ರ ಈ ಜೀವಿಗಳನ್ನು ಎಂದೂ ಹೊರಗಟ್ಟಲಿಲ್ಲ. ಕುದಿಸಿದ ಧಾನ್ಯರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ಒಂದು ರಾತ್ರಿ ಆರಲು ಬಿಟ್ಟು, ಆಮೇಲೆ ಮರದ ಪೀಪಾಯಿಗೆ ತುಂಬುತ್ತಾರೆ. ಬೇಸಿಗೆಯಲ್ಲಿ ಈ ಕೆಲಸವಿಲ್ಲ. ಆಗಿನ ಗಾಳಿಯಲ್ಲಿ ಬೇಡದವರ ಗುಂಪು ದೊಡ್ಡದು. ಪೀಪಾಯಿಯೊಳಗೆ ಒಂದರ ಹಿಂದೊಂದು ಜೀವಿಕುಲ ಆಳಿ ಅಳಿಯುತ್ತದೆ. ನಡುವೆ ರಸ ಲೋಳೆಲೋಳೆಯಾಗಿ ನೂಲೆಳೆಯುವುದೂ ಉಂಟು. ಕೊನೆಗೆ ಬ್ರೆಟನೊಮೈಸಿಸ್ ಆ ಲೋಳೆಯನ್ನು ಕರಗಿಸುತ್ತದೆ. ಒಂದರಿಂದ ಮೂರು ವರ್ಷಗಳ ಕೆಲಸ. ಮರದ ರಂಧ್ರಗಳಲ್ಲಿ ಉಳಿದ ಜೀವಿಗಳು ಮುಂದಿನ ಸಲಕ್ಕೆ ಬೀಜವಾಗುತ್ತವೆ.

ರಂಧ್ರಗಳ ಈ ಮಾತು ಓದಿದಾಗಲೇ ನನಗೆ ಅಟ್ಟದ ಮೇಲಿನ ಮಡಕೆ ನೆನಪಾದದ್ದು. ತುಮಕೂರು ಕಡೆಯ ನಮ್ಮ ಮನೆಯಲ್ಲಿ ಅವ್ವ ರಾಗಿ ಅಂಬಲಿ ಇಡುತ್ತಿದ್ದ ಮಣ್ಣಿನ ಪಾತ್ರೆ ಅದು. ಅದನ್ನು ಅವಳು ಎಂದೂ ಸೋಪಿನಲ್ಲಿ ತೊಳೆದವಳಲ್ಲ. ಅವಳು ಹೋದ ಮೇಲೆ ಬಟ್ಟೆಯಲ್ಲಿ ಸುತ್ತಿ ಖಡಕಿಗೆ ತಂದಿದ್ದೆ. ಎರಡು ವರ್ಷ ಒಣಗಿ ಕೂತಿತ್ತು.

ಮಹಾರಾಷ್ಟ್ರದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1949ರ ಪಾನನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ನನ್ನ ಪ್ರಯೋಗ ಯೀಸ್ಟಿನ ಸರದಿ ಬರುವ ಮೊದಲೇ, ಹುಳಿಯಲ್ಲಿಯೇ ನಿಲ್ಲಬೇಕಿತ್ತು. ಮೊಳಕೆ ಕಟ್ಟಿದ ರಾಗಿಯ ಹಿಟ್ಟನ್ನು ನೀರಿನಲ್ಲಿ ಕದಡಿ ಚೆನ್ನಾಗಿ ಕುದಿಸಿದೆ. ಹಸಿ ಧಾನ್ಯದ ಹೊಟ್ಟಿನಲ್ಲೇ ಹುಳಿಯ ಬ್ಯಾಕ್ಟೀರಿಯಾ ಇರುತ್ತದೆ. ಕುದಿಸಿದರೆ ಆ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಆರಿದ ಮೇಲೆ ಮೂರು ಪಾಲು ಮಾಡಿದೆ: ಕುದಿನೀರಿನಲ್ಲಿ ತೊಳೆದ ಸ್ಟೀಲ್ ಪಾತ್ರೆ, ಸಂತೆಯಿಂದ ತಂದ ಹೊಸ ಮಡಕೆ, ಅವ್ವನ ಮಡಕೆ. ಮೂರಕ್ಕೂ ಒಂದೇ ಬಗೆಯ ಬಟ್ಟೆ, ಒಂದೇ ಕಿಟಕಿ.

ಮರುದಿನ ಸಂಜೆಗೆ ಅವ್ವನ ಮಡಕೆಯ ಮೇಲ್ಮೈಯಲ್ಲಿ ಸಣ್ಣ ಗುಳ್ಳೆಗಳು. ಪಿಎಚ್ ಪಟ್ಟಿ 4ರ ಕೆಳಗಿನ ಬಣ್ಣ ತೋರಿಸಿತು. ಮೊಸರಿನ ಹತ್ತಿರದ, ತುಸು ಹಸಿಮಣ್ಣಿನ ವಾಸನೆ. ಸ್ಟೀಲ್ ಪಾತ್ರೆ ಆ ಹೊತ್ತಿಗೆ ಏನೂ ಆಗದಂತೆ ಸಪ್ಪಗಿತ್ತು. ಹೊಸ ಮಡಕೆ ಮೂರನೇ ದಿನ ಹುಳಿಯ ಬದಲು ಕೊಳೆತ ಸೊಪ್ಪಿನ ನಾತ ಬೀರಿತು, ಅದನ್ನು ಚೆಲ್ಲಿದೆ. ಮತ್ತೆರಡು ಸಲ ಮಾಡಿದಾಗಲೂ ಮೊದಲು ಹುಳಿತದ್ದು ಅವ್ವನ ಮಡಕೆಯೇ.

ಮಡಕೆಯ ಗೋಡೆಯಲ್ಲಿ ತುಮಕೂರಿನ ಜೀವಿಗಳು ಬದುಕಿದ್ದವೆಂದು ನಂಬಲು ಮನಸ್ಸು ಹಾತೊರೆಯಿತು. ಆದರೆ ಎರಡು ವರ್ಷ ಅದು ಕೂತದ್ದು ಖಡಕಿಯ ಅಟ್ಟದಲ್ಲಿ, ನಮ್ಮ ಒಗ್ಗರಣೆಯ ಹೊಗೆಯಲ್ಲಿ, ಮುಳಾ ನದಿಯ ಕಡೆಯ ಗಾಳಿಯಲ್ಲಿ. ಪ್ರತಿ ಸಲ ಹೊಸ ಹಿಟ್ಟು, ಹೊಸ ನೀರು ಬಿದ್ದಂತೆ ಹೆಪ್ಪಿನ ಜೀವಿಗಳು ಬದಲಾಗುತ್ತ ಹೋಗುತ್ತವೆ. ಇದೇ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಕೈಗಾರಿಕಾ ಸೂಕ್ಷ್ಮಜೀವಿಗಳ ಸಂಗ್ರಹವಿದೆ; ಅಲ್ಲಿ ಒಂದೊಂದು ಯೀಸ್ಟಿಗೂ ಒಂದೊಂದು ಸಂಖ್ಯೆ, ಒಂದೊಂದು ವಿಳಾಸ. ನನ್ನ ಮಡಕೆಯೊಳಗಿನವರಿಗೆ ಅಂಥ ದಾಖಲೆಯಿಲ್ಲ. ಪರೀಕ್ಷೆಗೆ ಕೊಡಬಹುದಲ್ಲ ಎಂದು ಮಗ ಸೂಚಿಸಿದ. ಕೊಡಲಿಲ್ಲ. ಉತ್ತರ ಯಾವುದು ಬಂದರೂ ನಾನು ಆ ಮಡಕೆಯನ್ನು ತೊಳೆಯುವ ರೀತಿ ಬದಲಾಗದು.

ಪಕ್ಕದ ಮನೆಯ ಮರಾಠಿ ಹೆಂಗಸು ರುಚಿ ನೋಡಿ, 'ಇದು ನಮ್ಮ ಆಂಬಿಲ್ ಅಲ್ಲವೇ' ಎಂದರು. ಅವರೂ ನಾಚಣಿ ಹಿಟ್ಟಿನಲ್ಲೇ ಮಾಡುತ್ತಾರೆ. ನಮ್ಮ ರಾಗಿಯೇ ಅದು. ಒಂದು ಸೌಟು ಹುಳಿಯನ್ನು ಲೋಟದಲ್ಲಿ ಒಯ್ದರು. ವಾರದ ನಂತರ ಅದೇ ಲೋಟದಲ್ಲಿ ತಮ್ಮದನ್ನು ತಂದುಕೊಟ್ಟರು: ಮಜ್ಜಿಗೆ, ಜೀರಿಗೆ, ಬೆಳ್ಳುಳ್ಳಿ ಹಾಕಿದ್ದು, ನನ್ನದಕ್ಕಿಂತ ಹೆಚ್ಚು ಹುಳಿ.