ಆರ್ ಕಣಿವೆಯ ಕೆಂಪು ವೈನು ಮತ್ತು ನಮ್ಮ ಲೆಕ್ಕ

ಆರ್ ಅಂದ್ರೆ ಇಲ್ಲಿ ಸಂಖ್ಯೆಯಲ್ಲ, ಬಾನ್ ನಗರದ ದಕ್ಷಿಣಕ್ಕೆ ರೈನ್ ನದಿಯನ್ನು ಸೇರುವ ಒಂದು ಸಣ್ಣ ಹೊಳೆ. ಪ್ರತಿ ಸೆಪ್ಟೆಂಬರ್‌ನಲ್ಲಿ ನಾವು ಕೆಲವು ಕನ್ನಡದ ಮನೆಯವರು ಬುತ್ತಿ ಕಟ್ಕೊಂಡು ಅಲ್ಲಿಗೆ ಹೋಗ್ತೀವಿ. ನಮ್ಮಲ್ಲಿ ಅರ್ಧ ಜನ ವೈನು ಮುಟ್ಟಲ್ಲ, ಅವರಿಗೆ ದ್ರಾಕ್ಷಿ ರಸ ಸಿಗತ್ತೆ.

ಬೆಂಗಳೂರು 13ನೇ ಅಕ್ಷಾಂಶದಲ್ಲಿದ್ದರೆ ಈ ಕಣಿವೆ 50 ದಾಟಿದೆ. ಇಷ್ಟು ಚಳಿಯ ಕಡೆ ಸಾಮಾನ್ಯವಾಗಿ ಬಿಳಿ ವೈನೇ ಹೆಚ್ಚು. ಇಲ್ಲಿ ಮಾತ್ರ ಕೆಂಪಿನದೇ ಮೇಲುಗೈ. ಕಾರಣ ಕಲ್ಲು. ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರಿನ ಕಪ್ಪು ಸ್ಲೇಟು ಹಗಲಿನ ಬಿಸಿಲು ಹಿಡಿದಿಟ್ಟು ರಾತ್ರಿ ಬಳ್ಳಿಗೆ ಕೊಡತ್ತೆ. ಮುಖ್ಯ ತಳಿ ಶ್ಪೇಟ್‌ಬುರ್ಗುಂಡರ್, ಅಂದರೆ ಫ್ರಾನ್ಸಿನ ಪಿನೋ ನುವಾರ್. ವೈನಿನ ಬಣ್ಣ ತೆಳು, ರುಚಿಯಲ್ಲಿ ಸ್ವಲ್ಪ ಹುಳಿ. ವಿಜಯಪುರದ ನಮ್ಮ ಗೆಳೆಯರು ಮೊದಲ ಸಲ ನೋಡಿ, "ಚಪ್ಪರಾನೇ ಇಲ್ಲಲ್ರೀ!" ಅಂದಿದ್ದರು.

ಬಿಕಾಂ ಓದಿ ಲೆಕ್ಕ ಬರೆಯುವ ನಮಗೆ ವೈನಿಗಿಂತ ಅಲ್ಲಿನ ಸಂಘ ಹಿಡಿಸಿತು. ಮೈಶೋಸ್ ಊರಿನ ದ್ರಾಕ್ಷಿ ಬೆಳೆಗಾರರು 1868ರಲ್ಲೇ ಸಹಕಾರ ಸಂಘ ಕಟ್ಟಿದರು. ರೈನಿನ ಆಚೆ ದಡದ ನೊಯ್‌ವೀಡ್ ಕಡೆ ರೈಫೈಸನ್ ಎಂಬವರು ರೈತರಿಗಾಗಿ ಸಾಲದ ಸಂಘ ಕಟ್ಟಿದ್ದೂ ಅದೇ ಕಾಲ. ಅವರ ಪದ್ಧತಿ ನೋಡಿ ಮದ್ರಾಸಿನ ಅಧಿಕಾರಿ ನಿಕಲ್ಸನ್ ವರದಿ ಬರೆದರು, 1904ರಲ್ಲಿ ಕಾನೂನು ಬಂತು, 1905ರಲ್ಲಿ ನಮ್ಮ ಗದಗದ ಕಣಗಿನಹಾಳದಲ್ಲಿ ಸಂಘ ಹುಟ್ಟಿತು.

2021ರ ಜುಲೈ 14ರ ರಾತ್ರಿ ಈ ಹೊಳೆ ಉಕ್ಕಿ ಕಣಿವೆಯಲ್ಲಿ 130ಕ್ಕೂ ಹೆಚ್ಚು ಜನ ತೀರಿಕೊಂಡರು. ಬಳ್ಳಿ ಬಹುಪಾಲು ಗುಡ್ಡದ ಮೇಲೆ ಉಳಿಯಿತು, ನೆಲಮಾಳಿಗೆಗಳು ಮುಳುಗಿದವು. ನಾವೂ ಎರಡು ಶನಿವಾರ ಸಲಿಕೆ ಹಿಡಿದು ಕೆಸರು ಎತ್ತಿದ್ವಿ. ಲೆಕ್ಕದಲ್ಲಿ ಕೆಸರು ಮೆತ್ತಿದ ಬಾಟಲಿ ನಷ್ಟದ ಬಾಬ್ತು. ಅವರು ತೊಳೆಯದೇ ಹಾಗೇ "ನೆರೆ ವೈನು" ಅಂತ ಮಾರಿದರು. ದೇಶದ ಜನ 40 ಲಕ್ಷ ಯೂರೋಗೂ ಹೆಚ್ಚು ಕೊಟ್ಟರು. ಆ ವರ್ಷದ ಸುಗ್ಗಿಗೆ ಬೇರೆ ಸೀಮೆಯ ಬೆಳೆಗಾರರೂ ಕೈಜೋಡಿಸಿದರು.

ಕಳೆದ ವರ್ಷ ನಮ್ಮವರೊಬ್ಬರ ಕೆಲಸ ಹೋಯಿತು. ವೀಸಾ ಚಿಂತೆ, ಮನೆ ಬಾಡಿಗೆ, ಎರಡು ಮಕ್ಕಳು. ರಾತ್ರೋರಾತ್ರಿ ವಾಟ್ಸಾಪಿನಲ್ಲಿ ದುಡ್ಡು ಸೇರಿಸಿದ್ವಿ. ಆದರೆ ಅವರು ಇವತ್ತಿಗೂ ನಮ್ಮ ಮುಖ ನೋಡಿ ಮಾತಾಡಲು ಸಂಕೋಚಪಡ್ತಾರೆ. ತಾವೂ ಕಟ್ಟಿದ ನಿಧಿಯಿಂದ ಪಡೆದಿದ್ದರೆ ಆ ಸಂಕೋಚ ಇರ್ತಿರಲಿಲ್ಲ.

40 ಮನೆ, ತಿಂಗಳಿಗೆ 10 ಯೂರೋ ಅಂದ್ರೆ ವರ್ಷಕ್ಕೆ 4,800. ಇಬ್ಬರ ಸಹಿ ಇರಲಿ, ವರ್ಷಕ್ಕೊಮ್ಮೆ ತಪಾಸಣೆ ಆಗಲಿ. ಪುಸ್ತಕ ಬರೆಯೋ ಕೆಲಸ ನಮಗಿರಲಿ. ಮುಂದಿನ ಸಭೆಯಲ್ಲಿ ಇದೊಂದು ವಿಷಯ ಎತ್ತೋಣ, ಎಲ್ಲರೂ ಬನ್ನಿ.