ಇಪ್ಪತ್ತೈದು ಇಲ್ಲದ ಡಿಸೆಂಬರ್

ಹಡಗಿನಲ್ಲಿ ದುಡಿಯುವವನಿಗೆ ಹಬ್ಬ ಯಾವ ಊರಿನಲ್ಲಿ ಎದುರಾಗುತ್ತದೆಂದು ಹೇಳುವುದು ಕಷ್ಟ. ಕೆಲವೊಮ್ಮೆ ಬಂದರಿನಲ್ಲಿ, ಕೆಲವೊಮ್ಮೆ ನಡುಗಡಲಿನಲ್ಲಿ. 2016ರಲ್ಲಿ ಮಾತ್ರ ನನಗೆ ಕ್ರಿಸ್‌ಮಸ್ ಎದುರಾಗಲೇ ಇಲ್ಲ!

ಆ ವರ್ಷ ನಮ್ಮ ಹಡಗು ಅಮೆರಿಕದ ಪಶ್ಚಿಮ ಕರಾವಳಿಯಿಂದ ಗೋಧಿ ತುಂಬಿಕೊಂಡು ಜಪಾನಿನತ್ತ ಹೊರಟಿತ್ತು. ನಾನು ಎಂಜಿನ್ ಕೋಣೆಯ ಫಿಟ್ಟರ್. ಪಶ್ಚಿಮಕ್ಕೆ ಸಾಗುವಾಗ 15 ಡಿಗ್ರಿ ರೇಖಾಂಶ ದಾಟಿದಂತೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತೇವೆ. ಒಂದು ಗಂಟೆ ಹೆಚ್ಚು ನಿದ್ದೆ ಸಿಕ್ಕಿತೆಂದು ಎಲ್ಲರಿಗೂ ಖುಷಿ. ಆದರೆ ಆ ಸಾಲವನ್ನೆಲ್ಲ ಒಂದೇ ಏಟಿಗೆ ತೀರಿಸಬೇಕಾದ ಜಾಗವೊಂದಿದೆ. ಅದು 180 ಡಿಗ್ರಿಯ ಆಸುಪಾಸಿನ ಅಂತರರಾಷ್ಟ್ರೀಯ ದಿನಾಂಕ ರೇಖೆ. ಪೂರ್ವಕ್ಕೆ ದಾಟಿದರೆ ಒಂದೇ ದಿನ ಎರಡು ಸಲ ಬರುತ್ತದೆ. ಪಶ್ಚಿಮಕ್ಕೆ ದಾಟಿದರೆ ಒಂದು ದಿನವನ್ನೇ ಕೈಬಿಡಬೇಕು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಈ ಭೂಗೋಳ ಎಷ್ಟು ನಿಜವೆಂದು ತಿಳಿದದ್ದು ಹಡಗಿನ ಸೂಚನಾ ಫಲಕ ನೋಡಿದಾಗ. 24ರ ಮರುದಿನ 26!

ನನ್ನ ಜೊತೆಗಾರರಲ್ಲಿ ಹೆಚ್ಚಿನವರು ಫಿಲಿಪ್ಪೀನ್ಸಿನವರು. ಅವರ ನಾಡಿನಲ್ಲಿ ಡಿಸೆಂಬರ್ 16ರಿಂದ ಒಂಬತ್ತು ದಿನ ನಸುಕಿನ ಬಲಿಪೂಜೆ, ಮನೆಮನೆಯಲ್ಲೂ 'ಪರೋಲ್' ಎಂಬ ನಕ್ಷತ್ರದೀಪ. ಬಿದಿರು ಸಿಗದ ಹಡಗಿನಲ್ಲಿ ತಂತಿ ಬಗ್ಗಿಸಿ, ಬಣ್ಣದ ಕಾಗದ ಅಂಟಿಸಿ ಅವರು ಅದನ್ನು ಕಟ್ಟಿದರು. 24ರ ರಾತ್ರಿಯೇ ಊಟದ ಕೋಣೆಯಲ್ಲಿ ಹಬ್ಬ ಮಾಡಿ ಮುಗಿಸಿದೆವು.

ಆ ಹೊತ್ತಿಗೆ ಮಂಗಳೂರಿನಾಚೆ, ಗುರುಪುರ ಹೊಳೆ ದಾಟಿದರೆ ಸಿಗುವ ನಮ್ಮ ಮನೆಯಲ್ಲಿ 25ರ ಮಧ್ಯಾಹ್ನ. ಕಣ್ಣು ಮುಚ್ಚಿದರೂ ಎಲ್ಲ ಕಾಣುತ್ತಿತ್ತು. ವಾರ ಮೊದಲೇ ಶುರುವಾಗುವ ಕುಸ್ವಾರ್ ಕೆಲಸ; ಬಾಚಣಿಗೆಯ ಮೇಲೆ ಹಿಟ್ಟು ಒತ್ತಿ ಸುತ್ತಿದ ಕಿಡಿಯೊ, ಎಳ್ಳು-ಕಾಯಿ ತುಂಬಿದ ನೆವ್ರಿ, ಗುಂಡಗಿನ ಗುಳಿಯೊ, ಅಚ್ಚು ಅದ್ದಿ ಕರಿದ ಗುಲಾಬಿ ಹೂ. ಹಬ್ಬದೂಟಕ್ಕೆ ಸನ್ನಾಸ್, ಬಾಫಾತ್. ನೆರೆಮನೆಗಳಿಗೆ ತಟ್ಟೆ ತುಂಬ ಕುಸ್ವಾರ್. ದೀಪಾವಳಿಗೆ ಅಲ್ಲಿಂದ ಬಂದ ತಟ್ಟೆ ಬರಿದಾಗಿ ಹಿಂದಿರುಗಬಾರದಲ್ಲ!

ಉಪಗ್ರಹ ಫೋನಿನ ಕಾರ್ಡಿನಲ್ಲಿ ಕೆಲವೇ ನಿಮಿಷ ಉಳಿದಿತ್ತು. ಮೂರನೆಯ ತರಗತಿಯ ಮಗಳು ಫೋನೆತ್ತಿದಳು.

"ಪಪ್ಪಾ, ನಾಳೆ ನಿಮಗೆ ಹಬ್ಬ ಅಲ್ವಾ?"

"ಇಲ್ಲ ಬಾಯೆ, ನಾಳೆ ನಮಗೆ 26."

"ಹಾಗಾದ್ರೆ ನಿಮ್ಮ ಹಬ್ಬ ಎಲ್ಲಿಗೆ ಹೋಯ್ತು?"

ದಿನಾಂಕ ರೇಖೆಯ ಪಾಠ ಮುಗಿಯುವ ಮೊದಲೇ ಕಾರ್ಡು ಮುಗಿಯಿತು.

ರಾತ್ರಿ ನಿದ್ದೆ ಬರಲಿಲ್ಲ. ಅವಳು ಹುಟ್ಟಿದ ಮೇಲೆ, ಇದೂ ಸೇರಿ ಒಂಬತ್ತು ಕ್ರಿಸ್‌ಮಸ್. ನಾನು ಮನೆಯಲ್ಲಿದ್ದದ್ದು ಎರಡಕ್ಕೆ. ಶಾಲೆಯ ಶುಲ್ಕ ಒಮ್ಮೆಯೂ ತಡವಾಗಿರಲಿಲ್ಲ. ತಡವಾಗುತ್ತಿದ್ದವನು ನಾನೇ. 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಡಂಬಡಿಕೆಯಂತೆ ಹನ್ನೆರಡು ತಿಂಗಳು ತುಂಬುವ ಮೊದಲೇ ನಾವಿಕನನ್ನು ಮನೆಗೆ ಕಳುಹಿಸಬೇಕು. ಆದರೆ ದುಡಿಯುವ ಆ ತಿಂಗಳುಗಳಲ್ಲಿ ಡಿಸೆಂಬರ್ ಸೇರಿರಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ.

ಬಜ್ಪೆ ನಿಲ್ದಾಣದಲ್ಲಿ ಇಳಿದದ್ದು ಜನವರಿ 28ಕ್ಕೆ. ಮೂರು ರಾಯರ ಹಬ್ಬ ಕಳೆದ ಮೇಲೆ ಊರಿನ ನಕ್ಷತ್ರಗಳೆಲ್ಲ ಅಟ್ಟ ಸೇರಿದ್ದವು. ನಮ್ಮ ಮಾವಿನ ಮರದ್ದು ಮಾತ್ರ ಇನ್ನೂ ತೂಗುತ್ತಿತ್ತು. ಅಂಗಳದ ಗೋದಲಿಯೂ ಇದ್ದ ಹಾಗೇ ಇತ್ತು. ವಿಚಿತ್ರವೆಂದರೆ, ಅದರ ಸುತ್ತಲಿನ ಭತ್ತದ ಸಸಿ ಹಚ್ಚಹಸಿರಾಗಿತ್ತು. ಡಿಸೆಂಬರಿನಲ್ಲಿ ಬಿತ್ತಿದ ಸಸಿ ಅಷ್ಟು ದಿನ ಹಸಿರಾಗಿ ಉಳಿಯುವುದುಂಟೆ?

"ಎರಡು ಸಲ ಒಣಗಿತು, ಎರಡು ಸಲವೂ ಹೊಸದಾಗಿ ಬಿತ್ತಿದಳು. ನೀವು ಬರುವವರೆಗೆ ಏನನ್ನೂ ತೆಗೆಯಬಾರದಂತೆ," ಎಂದಳು ಹೆಂಡತಿ.

ಅಂದು ಸಂಜೆ ನಕ್ಷತ್ರಕ್ಕೆ ದೀಪ ಹಾಕಿ, ಡಬ್ಬದಲ್ಲಿ ಕಾದಿದ್ದ ಕುಸ್ವಾರ್ ತೆರೆದೆವು. ಮಗಳು ಕೈಗೊಂದು ನೆವ್ರಿ ಇಟ್ಟು ಕೇಳಿದಳು:

"ಪಪ್ಪಾ, ಇವತ್ತು ತಾರೀಖು ಎಷ್ಟು?"

"ಇಪ್ಪತ್ತೆಂಟು."

"ಅಲ್ಲ, ಇಪ್ಪತ್ತೈದು," ಎಂದಳು.

ಕರಾರಿಗೆ ಸಹಿ ಹಾಕುವ ಮೊದಲು, ಸಂಬಳದ ಜೊತೆಗೆ ಹಡಗಿನಿಂದ ಇಳಿಯುವ ತಿಂಗಳನ್ನೂ ಎಣಿಸಿ ನೋಡುವುದನ್ನು ನಾನು ಕಲಿತದ್ದು ಅಂದಿನಿಂದ.