ಪ್ರಾರ್ಥನಿ, ಗುಳಿಗಿ, ಮತ್ತ ನನ್ನ ಬಾಯಿ

ಹೋದ ಸಲ ಕೆಂಪ ಮೆಣಸಿನಕಾಯಿ ಚಟ್ನಿ ಬಗ್ಗೆ ಬರದಿದ್ದೆ. ಈ ಸಲ ಅಡಗಿ ಮಾತಲ್ಲ. ಬಾಳ ದಿನದಿಂದ ಹೊಟ್ಟ್ಯಾಗ ಇಟಗೊಂಡದ್ದು. ಮಗಳನ್ನ ಕೇಳೇ ಬರ್ಯಾಕತ್ತೀನಿ. "ಬರಿ ಮಮ್ಮಿ, ನನ್ನ ಹೆಸರೊಂದ ಬ್ಯಾಡ" ಅಂದ್ಲು.

ನಿಮಗ ಗೊತ್ತಿದ್ದದ್ದನ, ನಾವು ಧಾರವಾಡದ ಬಾಸೆಲ್ ಮಿಶನ್ ಮನೆತನದವರು. 1837ರಾಗ ಮಿಶನ್‌ನವರು ಧಾರವಾಡಕ್ಕ ಬಂದ್ರಲ್ಲ, ಆ ಸಭಾದ ಮಂದಿ ನಾವು. ನಮ್ಮ ಮನ್ಯಾಗ ಕಟ್ಟಳಿ ಜಾಸ್ತಿ. ರಾತ್ರಿ ಎಂಟಕ್ಕ ಟಿ.ವಿ. ಬಂದ್, ಎಲ್ಲಾರೂ ಕೂಡಿ ಒಂದ ಕೀರ್ತನಿ, ಒಂದ ಅಧ್ಯಾಯ, ಪ್ರಾರ್ಥನಿ. ಅದಾದ ಮ್ಯಾಲೇನ ಊಟ. ನಮ್ಮ ಅತ್ತಿಯವರು ಕಲಿಸಿದ್ದು, ನಾ ಬಿಟ್ಟಿಲ್ಲ, ಬಿಡೂದೂ ಇಲ್ಲ.

ಹೋದ ವರ್ಷ ಮಗಳು ಚೊಚ್ಚಲ ಬಾಣಂತನಕ್ಕ ನಮ್ಮ ಮನಿಗೆ ಬಂದ್ಲು. ಕೂಸು ಚಲೋ ಇತ್ತು. ಅಂಟಿನುಂಡಿ ಕಟ್ಟಿದೆ, ಅಳವಿ ಪಾಯಸ ಮಾಡಿದೆ, ಎಣ್ಣಿ-ನೀರು, ಧೂಪ, ಎಲ್ಲಾ ಪದ್ಧತಿ ಪ್ರಕಾರ ನಡೀತು. ಆದ್ರ ಎರಡ ವಾರ ದಾಟಿದ್ರೂ ಹುಡುಗಿ ಅಳೂದು ನಿಲ್ಲಲಿಲ್ಲ. ಕೂಸು ಮಲಗಿದ್ರೂ ಆಕಿಗೆ ನಿದ್ದಿ ಇಲ್ಲ. ಉಂಡಿ ಬಾಯಾಗ ಇಟ್ರ ಕಲ್ಲ ಆದಂಗ ಆಗತೈತಿ ಅಂತಿದ್ಲು. ಒಂದ ದಿನ ಗ್ವಾಡಿ ನೋಡಕೋತ "ನಾ ಇರಲಿಕ್ಕಂದ್ರ ಈ ಕೂಸು ಸುಖಾ ಇರತೈತಿ" ಅಂದ್ಲು.

ನಾ ಏನ ಅಂದೆ ಗೊತ್ತೈತ್ರಿ? "ಬೈಬಲ್ ಹಿಡಿಯೂದು ಕಡಿಮಿ ಆಗೈತಿ, ಫೋನ್ ಹಿಡಿಯೂದು ಜಾಸ್ತಿ ಆಗೈತಿ. ದೇವರು ಇಷ್ಟ ಚಂದ ಕೂಸು ಕೊಟ್ಟಾನ, ಸ್ತುತಿ ಮಾಡೂದ ಬಿಟ್ಟು ಅಳತೀಯಲ್ಲ!" ಹೆತ್ತ ತಾಯಿ ಬಾಯಿಂದ ಬಂದ ಮಾತ ನೋಡ್ರಿ.

ಅಷ್ಟಕ್ಕ ಮುಗೀಲಿಲ್ಲ. ಪ್ರಾರ್ಥನಿ ಮಾಡಿ ವಾಸಿ ಮಾಡತಾರ ಅಂತ ಯಾರೋ ಹೇಳಿದ ಒಬ್ಬ ಹೆಣಮಗಳನ್ನ ಮನಿಗೆ ಕರಸಿದೆ. ಆಕಿ ಮಗಳ ತಲಿ ಮ್ಯಾಲೆ ಕೈ ಇಟ್ಟು, "ಒಳಗ ಮುಚ್ಚಿಟ್ಟ ಪಾಪ ಐತಿ, ಮೂರ ದಿನ ಉಪವಾಸ ಮಾಡಸ್ರಿ" ಅಂದ್ಲು. ಹಾಲು ಕುಡಿಸೋ ಬಾಣಂತಿಗೆ ಉಪವಾಸ! ಪೂರ್ತಿ ಮಾಡಸಲಿಲ್ಲ ಖರೆ, ಆದ್ರ ಒಂದ ಹೊತ್ತಿನ ಊಟ ತಪ್ಪಿಸಿದೆ. ಅದನ್ನ ಬರಿಯೂವಾಗ ಈಗೂ ಕೈ ನಡಗತೈತಿ.

ಆ ರಾತ್ರಿ ಎರಡರ ಸುಮಾರಿಗೆ ಕೂಸು ಅಳೂದ ಕೇಳಿ ಎದ್ದೆ. ಹಾಸಿಗ್ಯಾಗ ಮಗಳಿಲ್ಲ. ಹಿತ್ತಲ ಬಾಗಲಾ ತಗದಿತ್ತು. ಬಾವಿ ಕಟ್ಟಿ ಮ್ಯಾಲೆ ಸುಮ್ಮ ಕುಂತಿದ್ಲು. ನಾ ಒದರಲಿಲ್ಲ, ಒದರಾಕ ಧ್ವನೀನ ಬರಲಿಲ್ಲ. ಹೋಗಿ ಗಟ್ಟಿ ಹಿಡಕೊಂಡೆ. ಇಬ್ಬರೂ ಬೆಳಗಾಗೂತನಾ ಪಡಸಾಲ್ಯಾಗ ಕುಂತ್ವಿ.

ಮುಂಜಾನೆ ನಮ್ಮ ಯಜಮಾನ್ರು ಸಭಾಪಾಲಕರನ್ನ ಕರಕೊಂಡ ಬಂದ್ರು. ದೊಡ್ಡ ಪ್ರಾರ್ಥನಿ ಮಾಡತಾರ, ಮಗಳಿಗೆ ಬುದ್ಧಿ ಹೇಳತಾರ ಅಂತ ನಾ ತಿಳಕೊಂಡಿದ್ದೆ. ಅವರು ಚಾ ಸುದ್ದಾ ಮುಟ್ಟಲಿಲ್ಲ, ಕೆಳಗ ಚಾಪಿ ಮ್ಯಾಲೆ ಕುಂತು, "ಎಷ್ಟ ದಿನಾ ಆತವಾ ನಿದ್ದಿ ಮಾಡಿ? ಊಟಾ ಏನ ಮಾಡಿದಿ?" ಅಂತ ಕೇಳಿದ್ರು. ಆಕಿ ತಾಸಗಟ್ಟಲೆ ಮಾತಾಡಿದ್ಲು. ಅವರು ನಡಕ ಒಂದ ಮಾತ ಆಡಲಿಲ್ಲ.

ಆಮ್ಯಾಲೆ ನನ್ನ ಕಡೆ ಹೊಳ್ಳಿ, "ಎಲೀಯನ ಕತಿ ನೀವ ಸಂಡೇ ಸ್ಕೂಲ್‌ನಾಗ ಕಲಸತೀರಲ್ಲ" ಅಂದ್ರು. ಹೌದು, ಎಷ್ಟೋ ವರ್ಷ ಕಲಿಸೀನಿ. ಅಷ್ಟ ದೊಡ್ಡ ಪ್ರವಾದಿ ಅಡವ್ಯಾಗ ಒಂದ ಗಿಡದ ಕೆಳಗ ಕುಂತು ಸಾವು ಬೇಡಿದ. ದೇವರು ಅವನ್ನ ಬೈಲಿಲ್ಲ. ಮಲಗಾಕ ಬಿಟ್ಟ. ದೂತ ಬಂದು ಎಬ್ಬಿಸಿ ಕೆಂಡದ ಮ್ಯಾಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತ ಮಲಗಿದ, ಮತ್ತ ಎಬ್ಬಿಸಿ ಉಣಿಸಿದ. ಮಾತು ಕತಿ ಎಲ್ಲಾ ಆಮ್ಯಾಲೆ. ಹುಡುಗೂರಿಗೆ ರೊಟ್ಟಿ ಚಿತ್ರ ಬಿಡಿಸಿ ಬಣ್ಣಾ ಹಚ್ಚಸ್ತಿದ್ದೆ, ನನ್ನ ಮಗಳ ಊಟ ತಪ್ಪಿಸೂವಾಗ ಆ ಕತಿ ನೆನಪಾಗಲಿಲ್ಲ.

ಸಭಾಪಾಲಕರು ಸಣ್ಣ ಪ್ರಾರ್ಥನಿ ಮಾಡಿ, "ಇವತ್ತ ಡಿಮ್ಹಾನ್ಸ್‌ಗೆ ಕರಕೊಂಡ ಹೋಗ್ರಿ, ನಾಳೆ ಅನಬ್ಯಾಡ್ರಿ" ಅಂದ್ರು. ಧಾರವಾಡದಾಗ ಬೆಳದೋರಿಗೆ ಆ ದವಾಖಾನಿ ಅಂದ್ರ ಏನ ಅಂತ ಗೊತ್ತಲ್ಲ. ಸಣ್ಣಾವರಿದ್ದಾಗ ಜಗಳ ಆಡಿದ್ರ "ನಿನ್ನ ಅಲ್ಲೆ ಹಾಕಬೇಕು" ಅಂತ ಬೈತಿದ್ವಿ. ಮಂದಿ ಏನಂದಾರು ಅನ್ನೂ ಹೆದರಿಕಿಗೆ ನಾ ಆಟೋದಾಗ ಸೆರಗ ಹೊತಗೊಂಡ ಕುಂತಿದ್ದೆ.

ಡಾಕ್ಟರ್ ತಿಳಿಸಿ ಹೇಳಿದ್ರು. ಹಡದ ಹೊಸದಾಗಿ ಎಂಟ ಹತ್ತ ದಿನ ಅಳು ಬರೂದು ಬಾಳ ಮಂದಿಗೆ ಇರತೈತಿ, ತಾನ ಹೋಗತೈತಿ. ಎರಡ ವಾರ ದಾಟಿದ್ರ, ನಿದ್ದಿ ಹೋಗಿ ಜೀವಾ ಬ್ಯಾಡ ಅನಸಿದ್ರ, ಅದು ಬ್ಯಾನಿ. ಬಾಣಂತಿ ಖಿನ್ನತೆ ಅಂತಾರ. ಮೊದಲ ರಕ್ತ ತಗದು ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿದ್ರು. ಹಾಲು ಕುಡಿಸೋರಿಗೆ ನಡಿಯೂವಂಥ ಗುಳಿಗಿ ಕೊಟ್ರು. ಗುಣಾ ಕಾಣಾಕ ಎರಡರಿಂದ ನಾಕ ವಾರ ಬೇಕು, ನಡಕ ನೀವ ಬಿಡಿಸಬ್ಯಾಡ್ರಿ, ಒಬ್ಬಾಕಿನ್ನ ಬಿಡಬ್ಯಾಡ್ರಿ, ರಾತ್ರಿ ಕೂಸಿನ್ನ ಬ್ಯಾರೆಯವರು ನೋಡಕೋರಿ ಅಂದ್ರು.

ಮಾತಾಡಸಾಕ ಒಬ್ಬ ಸಣ್ಣ ವಯಸ್ಸಿನ ಕೌನ್ಸೆಲರ್ ಇದ್ಲು. ಜೀನ್ಸ್ ಪ್ಯಾಂಟು, ಹಣೀ ಮ್ಯಾಲೆ ಬಿದ್ದ ಕೂದಲಾ. ಈಕಿ ನನ್ನ ಮಗಳಿಗೆ ದೇವರನ್ನ ಬಿಡ ಅಂತಾಳನ ಅಂತ ಸಂಶೆ ಬಂತು. ಆಕಿ ಹಂಗೇನೂ ಅನಲಿಲ್ಲ. "ಪ್ರಾರ್ಥನಿ ನಿಮಗ ಬಲಾ ಕೊಡತಿದ್ರ ಮಾಡ್ರಿ" ಅಂದ್ಲು. ನನಗ ಮಾತ್ರ, "ಅಮ್ಮಾರ, ಆಕಿ ಮಾತಾಡೂವಾಗ ನೀವ ಉತ್ತರಾ ಕೊಡಬ್ಯಾಡ್ರಿ" ಅಂದ್ಲು. ಯೋಬನ ಗೆಳ್ಯಾರು ನೆನಪಾದ್ರು. ಏಳ ಹಗಲು ಏಳ ರಾತ್ರಿ ಅವನ ಸಂಗತೀನ ನೆಲದ ಮ್ಯಾಲೆ ಸುಮ್ಮ ಕುಂತಿದ್ರು, ಅಲ್ಲೀತನಾ ಚಲೋ ಇದ್ರು. ಬಾಯಿ ತಗದ ಮ್ಯಾಲೇನ ಕೆಟ್ಟದ್ದು.

ಹಂಗಂತ ಈಗಿನ ಕಾಲದ ಮಾತೆಲ್ಲಾ ನಾ ಒಪ್ಪೂದಿಲ್ಲ. ಫೋನ್ ತಗದ್ರ, "ನಿನ್ನ ಖುಷಿನ ಮೊದಲ, ತ್ರಾಸ ಕೊಡೋರನ್ನ ಕಡದ ಹಾಕು" ಅಂತ ಹೇಳೋರು ಬಾಳ. ಮಗಳು ಅದನ್ನ ಕೇಳಿದ್ರ ಮೊದಲ ನನ್ನನ್ನ ಕಡದ ಹಾಕಬೇಕಿತ್ತು. ಆಕಿ ಕ್ಷಮಾ ಮಾಡಿದ್ಲು. ಕ್ಷಮಾ ಮಾಡೂದು ಆಕಿ ಕಲತದ್ದು ನಮ್ಮ ಬೈಬಲ್‌ದಿಂದ. ಅದ ಫೋನ್‌ನಾಗ, ಗುಳಿಗಿ ತಗೊಂಡ್ರ ವಿಶ್ವಾಸ ಇಲ್ಲ ಅಂತ ಚಷ್ಮಾ ಹಾಕ್ಕೊಂಡು ಉಪದೇಶ ಮಾಡೋರೂ ಅದಾರ. ನಾ ಹನ್ನೊಂದ ವರ್ಷದಿಂದ ಪ್ರಾರ್ಥನಿ ಮುಗಿಸಿ ಬಿ.ಪಿ. ಗುಳಿಗಿ ನುಂಗತೀನಿ, ಯಾರೂ ನನ್ನ ವಿಶ್ವಾಸ ಕೇಳಿಲ್ಲ. ಹಿಜ್ಕೀಯ ಅರಸ ಅತ್ತು ಪ್ರಾರ್ಥನಿ ಮಾಡಿದಾಗ ದೇವರು ಕೇಳಿದ. ಆದ್ರೂ ಹುಣ್ಣಿಗೆ ಅಂಜೂರ ಹಚ್ಚಾಕ ಯೆಶಾಯ ಹೇಳಿದ. ಪಾಪ ಅನ್ನೂದು ಐತಿ, ಪಶ್ಚಾತ್ತಾಪ ಬೇಕು, ಅದರಾಗ ನನಗ ಸಂಶೆ ಇಲ್ಲ. ಬ್ಯಾನಿಗೆ ಪಾಪ ಅಂದದ್ದು ನನ್ನ ತಪ್ಪು.

ರಾತ್ರಿ ಕೂಸಿನ ಪಾಳಿ ನಾನೂ ಯಜಮಾನ್ರೂ ಹಂಚಕೊಂಡ್ವಿ. ಐದನೇ ವಾರಕ್ಕ ಮಗಳು ತಾನ ಎದ್ದು ಬಿಸಿ ರೊಟ್ಟಿ ಕೇಳಿದ್ಲು. ಒಂದ ಸಂಜೀಮುಂದ ಆಕಿ ತಲಿ ಹಿಕ್ಕೂವಾಗ ನಾ ತಪ್ಪಾತವಾ ಅಂದೆ. ಆಕಿ ಹೊಳ್ಳಿ ನೋಡಲಿಲ್ಲ. "ಮಮ್ಮಿ, ಪ್ರಾರ್ಥನಿ ಮಾಡು ಮಾಡು ಅಂತಿದ್ದಿ. ನನಗ ಮಾಡಾಕ ಆಗ್ತಿದ್ದಿಲ್ಲ. ನನ್ನ ಬದಲಿ ನೀನ ಮಾಡಿದ್ರ ಸಾಕಿತ್ತು" ಅಂದ್ಲು.

ಈಗ ಕೂಸಿಗೆ ದೀಕ್ಷಾಸ್ನಾನ ಆತು, ಅಂಬೆಗಾಲ ಇಟ್ಟು ಮನಿ ತುಂಬ ಅಡ್ಡಾಡತೈತಿ. ಗುಳಿಗಿ ಇನ್ನೂ ನಡದಾವ, ಡಾಕ್ಟರ್ ಹೇಳಿದಾಗ ಬಿಡತೀವಿ.

ನಿಮ್ಮ ಮನ್ಯಾಗ ಬಾಣಂತಿ ಇದ್ರ ಕೂಸಿನ್ನ ನೋಡಿದಂಗ ತಾಯಿ ಮಾರಿನೂ ನೋಡ್ರಿ. ದವಾಖಾನಿಗೆ ಹೋಗಾಕ ಹಿಂಜರಿಕಿ ಇದ್ರ 14416ಕ್ಕ ಫೋನ್ ಮಾಡ್ರಿ, ಸರ್ಕಾರದ ಟೆಲಿ ಮಾನಸ್ ಅದು, ಹಗಲೂ ರಾತ್ರಿ ಇರತೈತಿ, ರೊಕ್ಕಾ ಬೀಳೂದಿಲ್ಲ, ಕನ್ನಡದಾಗ ಮಾತಾಡಬಹುದು. ಮತ್ತ ನನ್ನಂಗ ಬಾಯಿ ಜೋರಿದ್ದವರು ಅದೀರಿ, ನನಗ ಗೊತ್ತೈತಿ. ಮೊದಲ ರೊಟ್ಟಿ ಬಡೀರಿ, ಬುದ್ಧಿ ಆಮ್ಯಾಲೆ ಹೇಳೂನಂತ.

ಬರ್ಲ್ಯಾ? ಕೂಸು ಎದ್ದಿತು.